ಬರೆಯುವವರ ಪ್ರಶ್ನೆಗಳು: ಮಕ್ಕಳಿರುವವರ ಪ್ರೇಮಕಥೆ

ಪ್ರಶ್ನೆ: ನನ್ನ ಕಾದಂಬರಿಯ ನಾಯಕಿ 34 ವರ್ಷದ ವಿಧವೆ, ಶಾಲಾ ಶಿಕ್ಷಕಿ, 10 ವರ್ಷದ ಮಗಳ ತಾಯಿ. ನಾಯಕ ವಿಚ್ಛೇದನ ಪಡೆದ ನೇಕಾರ. ಅವನಿಗೆ 14 ವರ್ಷದ ಮಗನಿದ್ದಾನೆ. ದೊಡ್ಡವರ ಪ್ರೀತಿ ಸುಲಭವಾಗಿ ಬರೆಸಿಕೊಂಡಿತು, ಮಕ್ಕಳು ಮಾತ್ರ ಕೂಡುತ್ತಿಲ್ಲ. ಕೊನೆಗೆ ಹುಡುಗಿಗೆ ಕಾಯಿಲೆ ತರಿಸಿ, ನಾಯಕನಿಂದ ರಕ್ತ ಕೊಡಿಸಿ, ಅವಳ ಬಾಯಿಂದ ‘ಅಪ್ಪಾ’ ಎನ್ನಿಸಿದೆ. ಓದಿದ ಗೆಳತಿ ನಕ್ಕುಬಿಟ್ಟಳು. ಏನು ಮಾಡಲಿ?
— ಓದುಗರೊಬ್ಬರು, ಇಳಕಲ್

ಉತ್ತರ: ನಿಮ್ಮ ಗೆಳತಿಯನ್ನು ನಗಿಸಿದ್ದು ಮಕ್ಕಳನ್ನು ಕೂಡಿಸುವ ಆ ಆತುರವೇ ಇರಬೇಕು. ದೊಡ್ಡವರಿಬ್ಬರು ಆರು ತಿಂಗಳಲ್ಲಿ ಒಬ್ಬರನ್ನೊಬ್ಬರು ಒಪ್ಪಿಕೊಂಡರೆ ಓದುಗರು ನಂಬುತ್ತಾರೆ, ಏಕೆಂದರೆ ಆ ಆಯ್ಕೆ ಅವರದೇ. ಮಕ್ಕಳನ್ನು ಯಾರೂ ಕೇಳಿಲ್ಲ. 10 ವರ್ಷದ ಹುಡುಗಿಗೆ ತಂದೆಯ ದನಿ, ನಡಿಗೆ, ಸೈಕಲ್ಲಿನ ಗಂಟೆ ಎಲ್ಲವೂ ನೆನಪಿರುತ್ತವೆ. ಹುಡುಗನ ಸ್ಥಿತಿ ಇನ್ನೂ ತೊಡಕಿನದು: ಅವನ ತಾಯಿ ಬದುಕಿದ್ದಾಳೆ, ಆದ್ದರಿಂದ ಹೊಸಬಳ ಕೈಯಡುಗೆಯನ್ನು ಮೆಚ್ಚುವುದೂ ಅವನಿಗೆ ಹೆತ್ತವಳಿಗೆ ಮಾಡಿದ ದ್ರೋಹದಂತೆ ಕಾಣಬಹುದು. ಈ ಒಂದು ಸಂಕಟಕ್ಕೆ ನೀವು ನಾಲ್ಕು ಅಧ್ಯಾಯ ಕೊಟ್ಟರೂ ಹೆಚ್ಚಾಗದು.

ಕಾಯಿಲೆಯನ್ನು ತೆಗೆದುಹಾಕಿ, ಮನೆಯನ್ನು ಸರಿಯಾಗಿ ನೋಡಿ. ನಿಮ್ಮ ನೇಕಾರನ ಮನೆಯಲ್ಲಿ ಕುಣಿ ಮಗ್ಗ ನೆಲದೊಳಗೆ ಇಳಿದಿದೆ. ಯಾರು ಬಂದರೂ ಅದನ್ನು ಮಂಚದ ಹಾಗೆ ಪಕ್ಕಕ್ಕೆ ಸರಿಸಲಾಗದು. ತಾಯಿ ಮಗಳು ಬಂದ ದಿನ ಹುಡುಗ ಓದಲು ಕೂಡುತ್ತಿದ್ದ ಮೂಲೆ ಕೈತಪ್ಪುತ್ತದೆ. ಹುಡುಗಿಯ ತಂದೆಯ ಫೋಟೊ ಆ ಮನೆಯ ಯಾವ ಗೋಡೆಗೆ ಬರುತ್ತದೆ, ಅದಕ್ಕೆ ಮೊಳೆ ಹೊಡೆಯುವವರು ಯಾರು? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ ನಿಮಗೆ ಆಸ್ಪತ್ರೆಯ ದೃಶ್ಯ ಬೇಕಾಗುವುದಿಲ್ಲ. ಹುಡುಗಿ ಅವನನ್ನು ‘ಕಾಕಾ’ ಎಂದು ಕರೆಯಲಿ. ಕೊನೆಯ ಪುಟದವರೆಗೂ ಹಾಗೆಯೇ ಕರೆದರೆ ಕಾದಂಬರಿಗೆ ನಷ್ಟವೇನೂ ಇಲ್ಲ.

ಶಿಕ್ಷಕಿಯನ್ನು ಸಾಧ್ವಿಯನ್ನಾಗಿ ಮಾಡಬೇಡಿ. ‘ಮಲತಾಯಿ’ ಎಂಬ ಪದಕ್ಕೆ ಅಂಟಿದ ಕಳಂಕಕ್ಕೆ ಹೆದರಿ ಬಹಳ ಲೇಖಕರು ಅವಳಿಂದ ತಪ್ಪನ್ನೇ ಮಾಡಿಸುವುದಿಲ್ಲ. (ಉತ್ತರ ಕರ್ನಾಟಕದ ಬಗ್ಗೆ ‘ಮಲತಾಯಿ ಧೋರಣೆ’ ಎಂದು ನಮ್ಮ ಪತ್ರಿಕೆಗಳು ವರ್ಷಗಟ್ಟಲೆ ಬರೆಯುತ್ತಿವೆ; ಪಾಪ, ಯಾವ ಮಲತಾಯಿಯೂ ಆಕ್ಷೇಪಣೆಯ ಪತ್ರ ಕಳಿಸಿದಂತಿಲ್ಲ.) ಹಂಚಿನ ಮೇಲಿನಿಂದ ಇಳಿದ ಮೊದಲ ಬಿಸಿ ರೊಟ್ಟಿ ತನ್ನ ಮಗಳ ತಾಟಿಗೇ ಹೋಗಲಿ, ಹುಡುಗ ಅದನ್ನು ಗಮನಿಸಲಿ, ಅವನು ಗಮನಿಸಿದ್ದನ್ನು ಅವಳೂ ಕಾಣಲಿ.

ಇನ್ನೊಂದು ಮಾತು, ನೀವು ಇಳಕಲ್ಲಿನವರಾದ್ದರಿಂದ. ಇಳಕಲ್ ಸೀರೆಯ ಒಡಲಿನ ಹಾಸು (ಉದ್ದಕ್ಕೆ ಹಾಸಿದ ಎಳೆಗಳು) ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಅವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಇದನ್ನು ಎರಡು ಕುಟುಂಬಗಳ ಕೂಡಿಕೆಗೆ ಹೋಲಿಸುವ ಆಸೆ ನಿಮಗೆ ಬಂದೇ ಬರುತ್ತದೆ. ದಯವಿಟ್ಟು ಹೋಲಿಸಬೇಡಿ. ಹುಡುಗ ಆ ಕೆಲಸವನ್ನು ಹುಡುಗಿಗೆ ಒಲ್ಲದ ಮನಸ್ಸಿನಿಂದ ಕಲಿಸಲಿ, ಸಾಕು.

ಪ್ರಶ್ನೆ: ನನ್ನ ಕಥೆಯಲ್ಲಿ ಮಗನಿರುವ ವಿಧುರನು ಮಗನಿರುವ ವಿಧವೆಯನ್ನು ಮದುವೆಯಾಗುತ್ತಾನೆ. ಮದುವೆಯಾದ ಕೂಡಲೇ ಅವಳ ಮಗನಿಗೆ ಇವನು ಕಾನೂನಿನಂತೆ ತಂದೆಯಾಗುತ್ತಾನೆಯೇ?
— ಓದುಗರೊಬ್ಬರು, ವಿಜಯಪುರ

ಉತ್ತರ: ಆಗುವುದಿಲ್ಲ. ನಿಮ್ಮ ಪಾತ್ರಗಳು ಹಿಂದೂಗಳಾಗಿದ್ದರೆ, 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ಮಗನಿರುವ ತಂದೆ ಮತ್ತೊಬ್ಬ ಹುಡುಗನನ್ನು ದತ್ತು ಪಡೆಯುವಂತೆಯೂ ಇಲ್ಲ. 2015ರ ಬಾಲ ನ್ಯಾಯ ಕಾಯ್ದೆಯಡಿ ರೂಪಿಸಿದ ದತ್ತು ನಿಯಮಾವಳಿಯಲ್ಲಿ ಮಲತಂದೆ, ಮಲತಾಯಿಯರಿಗೆ ಬೇರೆ ದಾರಿಯಿದೆ. ನಿಮ್ಮ ನಾಯಕ ಮೊದಲ ಬಾಗಿಲಲ್ಲಿ ನಿರಾಶನಾಗಿ ಎರಡನೆಯದನ್ನು ತಟ್ಟಬಹುದು. ಆಸ್ತಿಯ ವಿಷಯದಲ್ಲಿ ನೀವು ಕೇಳದೆ ಹೋದದ್ದನ್ನೂ ಹೇಳುತ್ತೇನೆ: ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿಗೆ ಅವನ ತಾಯಿ, ಹೆಂಡತಿ ಮತ್ತು ಮಕ್ಕಳು ಒಟ್ಟಿಗೇ ವಾರಸುದಾರರು, ಮತ್ತು ಹೆಂಡತಿಗೆ ಹೀಗೆ ಬಂದ ಪಾಲು ಅವಳು ಮರುಮದುವೆಯಾದ ಮಾತ್ರಕ್ಕೆ ಕೈಬಿಟ್ಟು ಹೋಗುವುದಿಲ್ಲ. ಹೊಲದ ಬದುವಿನ ಮೇಲೆ ನಿಂತ ಮೈದುನನಿಗೆ ಇದು ಗೊತ್ತಿರದಿದ್ದರೆ ನಿಮಗೆ ಒಳ್ಳೆಯ ಜಗಳವೊಂದು ಸಿಕ್ಕಿತು.

ಪ್ರಶ್ನೆ: ಸೊಸೆಯ ಮರುಮದುವೆಯನ್ನು ವಿರೋಧಿಸುವ ಅತ್ತೆಯ ಪಾತ್ರ ಖಳನಾಯಕಿಯಾಗಿಬಿಟ್ಟಿದೆ. ತಿದ್ದುವುದು ಹೇಗೆ?
— ಓದುಗರೊಬ್ಬರು, ಬೈಲಹೊಂಗಲ

ಉತ್ತರ: ನಮ್ಮ ಭಾಗದ ಅನೇಕ ಸಮುದಾಯಗಳಿಗೆ ವಿಧವೆಯ ಮದುವೆ ಹೊಸದಲ್ಲ, ‘ಉಡಿಕೆ’ ಎಂಬ ಪದ ನಿಮ್ಮ ಮುದುಕಿಗೆ ಗೊತ್ತೇ ಇರುತ್ತದೆ. ಅಂಥ ಕಡೆ ಮದುವೆಯ ಪೂರ್ಣ ಶಾಸ್ತ್ರವಿಲ್ಲದೆ ಸೀರೆ ಉಡಿಸಿ ಕಳಿಸುತ್ತಿದ್ದರು, ಮೊದಲ ಗಂಡನ ಮಕ್ಕಳು ಅವನ ಮನೆಯಲ್ಲೇ ಉಳಿಯುವುದು ಹಲವೆಡೆ ರೂಢಿಯಾಗಿತ್ತು. 1965ರಲ್ಲಿ ಬಂದ ಎಸ್.ಎಲ್. ಭೈರಪ್ಪನವರ ಕಾದಂಬರಿ ‘ವಂಶವೃಕ್ಷ’ದಲ್ಲಿಯೂ, ಅದರ ಸಮಾಜ ಬೇರೆಯಾದರೂ, ಮರುಮದುವೆಯಾದ ಕಾತ್ಯಾಯನಿಯ ಮಗ ಮಾವನ ಮನೆಯಲ್ಲೇ ಉಳಿಯುತ್ತಾನೆ. ಹಾಗಾಗಿ ನಿಮ್ಮ ಅತ್ತೆಗೆ ಸೊಸೆಯ ಮದುವೆಗಿಂತ ಮೊಮ್ಮಗುವಿನ ಚಿಂತೆಯೇ ದೊಡ್ಡದಾಗಿರಲಿ. ಸತ್ತ ಮಗನ ಮುಖವನ್ನು ಅವಳು ದಿನವೂ ಆ ಕೂಸಿನಲ್ಲಿ ನೋಡುತ್ತಿದ್ದಾಳೆ. “ಹೋಗೂದಿದ್ರ ನೀ ಹೋಗು, ಕೂಸಿನ್ನ ಇಲ್ಲೇ ಬಿಡು” ಎಂದು ಅವಳು ಒಮ್ಮೆ ಹೇಳಲಿ. ಅದಕ್ಕೆ ಸೊಸೆ ಕೊಡುವ ಉತ್ತರ ಚಿಕ್ಕದಾಗಿರಲಿ, ಏಕೆಂದರೆ ಕೂಸು ಬಾಗಿಲ ಹಿಂದೆಯೇ ನಿಂತಿರುತ್ತದೆ.