ಅಬ್ಲೇಷನ್ ಮಾಡಿಸಬೇಕೇ, ಬೇಡವೇ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಸಾಗರ ತಾಲ್ಲೂಕಿನ ಓದುಗರೊಬ್ಬರು ತಮ್ಮ ಯಜಮಾನರ ಆರೋಗ್ಯದ ಬಗ್ಗೆ ವಿವರವಾದ ಪತ್ರ ಬರೆದಿದ್ದಾರೆ. ಯಜಮಾನರಿಗೆ 62 ವರ್ಷ, ತೂಕ 84 ಕೆ.ಜಿ., ಬಿಪಿ ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ. ಎರಡು ವರ್ಷಗಳಿಂದ ತಿಂಗಳಿಗೆ ಮೂರು ನಾಲ್ಕು ಬಾರಿ, ಹೆಚ್ಚಾಗಿ ರಾತ್ರಿ ಮಲಗಿದ ಮೇಲೆ, 'ಎದೆಯೊಳಗೆ ಮೀನು ಹೊರಳಾಡಿದಂತೆ' ಬಡಿತ ಏರುಪೇರಾಗುತ್ತದೆ. ಕೆಲವು ಗಂಟೆಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಇದು ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಎಂಬ ಕಾಯಿಲೆ ಎಂದು ಇಸಿಜಿಯಲ್ಲಿ ಗೊತ್ತಾಗಿದೆ. ಎಕೋ ವರದಿಯ ಪ್ರಕಾರ ಕವಾಟಗಳು ಸರಿಯಾಗಿವೆ. ಲಯವನ್ನು ಹಿಡಿತದಲ್ಲಿಡುವ ಅಮಿಯೊಡರೋನ್ ಮಾತ್ರೆಯಿಂದ ಸ್ವಲ್ಪ ಗುಣ ಕಂಡರೂ ಥೈರಾಯ್ಡ್ ಏರುಪೇರಾಗಿದೆ. ಬೆಂಗಳೂರಿನ ವೈದ್ಯರು ಅಬ್ಲೇಷನ್, ಅಂದರೆ ಲಯ ತಪ್ಪಿಸುವ ಜಾಗವನ್ನು ಹೃದಯದೊಳಗೆ ನಳಿಕೆ ತೂರಿಸಿ ನಿಷ್ಕ್ರಿಯಗೊಳಿಸುವ ಚಿಕಿತ್ಸೆ, ಸೂಚಿಸಿದ್ದಾರೆ, ಮಗ ಬೇಡವೆನ್ನುತ್ತಿದ್ದಾನೆ. ನೆರೆಮನೆಯ ಹುಡುಗಿಗೆ ಇದೇ ಚಿಕಿತ್ಸೆಯಾಗಿ ಮರುದಿನವೇ ಎಲ್ಲ ಮಾತ್ರೆಗಳೂ ನಿಂತವಂತೆ. 'ಇವರಿಗೂ ಹಾಗೆಯೇ ಆಗುತ್ತದೆಯೇ, ರಕ್ತ ತೆಳುವಾಗಿಸುವ ಮಾತ್ರೆಯಿಂದ ಬಿಡುಗಡೆ ಸಿಗುತ್ತದೆಯೇ?' ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಈ ಪತ್ರಿಕೆ ನಿಮ್ಮ ವೈದ್ಯರ ಸ್ಥಾನದಲ್ಲಿ ನಿಂತು ಮಾತನಾಡಲಾರದು. ಆದರೂ ನಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇವೆ. ಬಡಿತ ತಪ್ಪಿದಾಗ ಆಗುವ ಸಂಕಟದಿಂದ ಪಾರಾಗುವುದು ನಿಮ್ಮ ಉದ್ದೇಶವಾದರೆ, ನಿಮ್ಮ ಯಜಮಾನರ ಸ್ಥಿತಿಯಲ್ಲಿ ಅಬ್ಲೇಷನ್ ತೀರ ಯೋಗ್ಯವಾದ ಆಯ್ಕೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಲ್ಲಿಸುವುದೇ ಮುಖ್ಯ ಉದ್ದೇಶವಾದರೆ, ಅದೊಂದಕ್ಕಾಗಿ ಈ ಚಿಕಿತ್ಸೆಗೆ ಒಪ್ಪಬೇಡಿ.

ಮೊದಲು ನೆರೆಮನೆಯ ಹುಡುಗಿಯ ವಿಷಯ. ಅಬ್ಲೇಷನ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾಯಿಲೆಗಳಿಗೆ ಬೇರೆ ಬೇರೆ ಚಿಕಿತ್ಸೆಗಳು ನಡೆಯುತ್ತವೆ. ಹರೆಯದವರಲ್ಲಿ ಹೃದಯ ಇದ್ದಕ್ಕಿದ್ದಂತೆ ನಿಮಿಷಕ್ಕೆ 180, 200 ಬಾರಿ ಒಂದೇ ಲಯದಲ್ಲಿ ಬಡಿದುಕೊಳ್ಳುವ ಎಸ್‌ವಿಟಿ ಎಂಬ ತೊಂದರೆ ಸಾಮಾನ್ಯ. ಅಲ್ಲಿ ವಿದ್ಯುತ್ ಸಂಕೇತ ಸುತ್ತು ಹೊಡೆಯುವ ದಾರಿ ನಿರ್ದಿಷ್ಟವಾಗಿರುತ್ತದೆ. ಅದರ ಒಂದು ಸಣ್ಣ ಜಾಗವನ್ನು ನಿಷ್ಕ್ರಿಯಗೊಳಿಸಿದರೆ ಹೆಚ್ಚಿನವರಲ್ಲಿ, ನೂರಕ್ಕೆ 95ರ ಆಸುಪಾಸು, ಕಾಯಿಲೆಯೇ ಮುಗಿದಂತೆ. ಅಂಥವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಸಾಮಾನ್ಯವಾಗಿ ಮೊದಲಿನಿಂದಲೂ ಇರುವುದಿಲ್ಲ. ಆ ಹುಡುಗಿಗೆ ಆದದ್ದು ಬಹುಶಃ ಇದೇ ಇರಬೇಕು. ಅವಳ ಅನುಭವದಿಂದ ನಿಮ್ಮ ಯಜಮಾನರ ಫಲಿತಾಂಶವನ್ನು ಊಹಿಸಲಾಗದು.

ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಹೃದಯದ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಕ್ರಮವಾಗಿ ಸಂಕುಚಿಸುವ ಬದಲು ಅಸ್ತವ್ಯಸ್ತವಾಗಿ ಕಂಪಿಸುತ್ತವೆ. ಈ ಕಂಪನಕ್ಕೆ ಕಿಡಿ ಹಚ್ಚುವ ಅಕಾಲಿಕ ಬಡಿತಗಳು ಬಹುಪಾಲು ಹುಟ್ಟುವುದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ನಾಲ್ಕು ಅಭಿಧಮನಿಗಳ ಬಾಯಲ್ಲಿ ಎಂಬುದನ್ನು 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಗೇರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಇಂದಿನ ಚಿಕಿತ್ಸೆ ನಿಂತಿರುವುದು ಅದರ ಮೇಲೆ. ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾಥೆಟರ್ ಎಂಬ ಸಪೂರ ನಳಿಕೆಯನ್ನು ಹೃದಯಕ್ಕೆ ತೂರಿಸಿ, ಆ ಅಭಿಧಮನಿಗಳ ಬಾಯಿಯ ಸುತ್ತ ಶಾಖದಿಂದಲೋ, ಅತಿಶೈತ್ಯದಿಂದಲೋ, ಈಚಿನ ವರ್ಷಗಳಲ್ಲಿ ಬಂದಿರುವ ವಿದ್ಯುತ್ ಸ್ಪಂದನಗಳಿಂದಲೋ ಗಾಯದ ಉಂಗುರವೊಂದನ್ನು ಉಂಟುಮಾಡುತ್ತಾರೆ. ವಿದ್ಯುತ್ ಸಂಕೇತ ಆ ಗಾಯವನ್ನು ದಾಟಲಾರದು. ಎದೆಯನ್ನು ತೆರೆಯುವುದಿಲ್ಲ; 'ಹೃದಯವನ್ನು ಸುಡುತ್ತಾರಂತೆ' ಎಂದು ನಿಮ್ಮ ಮಗ ಹೆದರಿರುವುದು ಸಹಜವಾದರೂ, ಗಾಯವಾಗುವುದು ಆ ಬಾಯಿಗಳ ಸುತ್ತಲಿನ ತೆಳುವಾದ ಪಟ್ಟಿಗೆ ಮಾತ್ರ.

ಫಲ ಎಷ್ಟು ಎಂಬಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕೆನಡಾದಲ್ಲಿ 303 ಜನರ ಮೇಲೆ ನಡೆದು 2020ರ ಕೊನೆಗೆ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಚಿಕಿತ್ಸೆಯಾಗಿಯೇ ಅಬ್ಲೇಷನ್ ಮಾಡಿಸಿಕೊಂಡವರ ಪೈಕಿ ಒಂದು ವರ್ಷದೊಳಗೆ ಲಯ ಮತ್ತೆ ತಪ್ಪಿದ್ದು ನೂರಕ್ಕೆ 43 ಜನರಲ್ಲಿ, ಮಾತ್ರೆ ತೆಗೆದುಕೊಂಡವರಲ್ಲಿ 68 ಜನರಲ್ಲಿ. 43 ಎಂದೊಡನೆ ಎದೆಗುಂದಬೇಡಿ. ಅಲ್ಲಿ ಎಲ್ಲರ ಚರ್ಮದಡಿ ಸದಾ ಬಡಿತ ದಾಖಲಿಸುವ ಯಂತ್ರವಿತ್ತು, ಮತ್ತು ಲಯ 30 ಸೆಕೆಂಡು ತಪ್ಪಿದರೂ ಅದನ್ನು ಮರುಕಳಿಕೆ ಎಂದೇ ಎಣಿಸಲಾಗಿತ್ತು. ರೋಗಿಯ ಅನುಭವಕ್ಕೆ ಬರುವಂತೆ ಮರುಕಳಿಸಿದ್ದು ಅಬ್ಲೇಷನ್ ಆದವರಲ್ಲಿ ನೂರಕ್ಕೆ 11, ಮಾತ್ರೆಯವರಲ್ಲಿ 26. ನಿದ್ದೆಗೆಟ್ಟು ಕೂರುವ ರಾತ್ರಿಗಳು ಎಷ್ಟು ಕಡಿಮೆಯಾದಾವು ಎಂದು ಕೇಳುವವರಿಗೆ ಈ ಎರಡನೆಯ ಲೆಕ್ಕವೇ ಹೆಚ್ಚು ಉಪಯುಕ್ತ. ಆದರೆ ಆ ರೋಗಿಗಳು ನಿಮ್ಮ ಯಜಮಾನರಂತೆ ಮೊದಲೇ ಲಯದ ಮಾತ್ರೆ ತೆಗೆದುಕೊಂಡು ಸಾಕಷ್ಟು ಗುಣ ಕಾಣದವರಲ್ಲ. ಆದ್ದರಿಂದ ಈ ಅಂಕಿಗಳನ್ನು ನಿಮ್ಮ ಯಜಮಾನರಿಗೆ ಹಾಗೆಯೇ ಅನ್ವಯಿಸಬೇಡಿ. ಕೆಲವರಿಗೆ ಎರಡನೆಯ ಬಾರಿ ಮಾಡಬೇಕಾಗುತ್ತದೆ ಎಂಬುದನ್ನೂ ಮನೆಯವರೆಲ್ಲ ಈಗಲೇ ತಿಳಿದಿರುವುದು ಒಳ್ಳೆಯದು.

ಆಯುಸ್ಸಿನ ಮಾತು ಬೇರೆ. 2,204 ರೋಗಿಗಳಿದ್ದ, 2019ರಲ್ಲಿ ಪ್ರಕಟವಾದ ಕಬಾನಾ ಅಧ್ಯಯನದಲ್ಲಿ ಸಾವು, ತೀವ್ರ ಪಾರ್ಶ್ವವಾಯು, ಗಂಭೀರ ರಕ್ತಸ್ರಾವ, ಹೃದಯ ಸ್ತಂಭನ ಇವುಗಳನ್ನು ಒಟ್ಟಾಗಿ ಎಣಿಸಿದಾಗ ಅಬ್ಲೇಷನ್‌ಗೂ ಔಷಧಿಗೂ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ದಿನನಿತ್ಯದ ಬದುಕು ಸುಧಾರಿಸಿದ್ದು ಮಾತ್ರ ಸ್ಪಷ್ಟವಾಗಿತ್ತು. ಹೃದಯದ ಪಂಪು ಮಾಡುವ ಶಕ್ತಿ ಕುಂದಿದವರಲ್ಲಿ ಲಾಭ ಇದಕ್ಕಿಂತ ಹೆಚ್ಚು ಎಂದು 2018ರ ಕ್ಯಾಸಲ್ ಅಧ್ಯಯನ ತೋರಿಸಿದೆ, ಆದರೆ ನೀವು ಕಳಿಸಿರುವ ವರದಿಯಂತೆ ಆ ಶಕ್ತಿ ನಿಮ್ಮ ಯಜಮಾನರಲ್ಲಿ ಚೆನ್ನಾಗಿಯೇ ಇದೆ.

ಇನ್ನು ರಕ್ತ ತೆಳುವಾಗಿಸುವ ಮಾತ್ರೆ. ಕಂಪಿಸುವ ಹೃತ್ಕರ್ಣದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ. ಅದನ್ನು ತಡೆಯಲೆಂದೇ ಅವರಿಗೆ ಎಪಿಕ್ಸಬಾನ್ ಕೊಟ್ಟಿರುವುದು. ಈ ಮಾತ್ರೆ ಯಾರಿಗೆ ಬೇಕೆಂದು ವೈದ್ಯರು ನಿರ್ಧರಿಸುವುದು ಲಯ ಎಷ್ಟು ಸಲ ತಪ್ಪುತ್ತದೆ ಎಂಬುದರ ಮೇಲಲ್ಲ, ಅಪಾಯದ ಅಂಕಗಳ ಮೇಲೆ. ಬಿಪಿಗೆ ಒಂದು ಅಂಕ, ಸಕ್ಕರೆ ಕಾಯಿಲೆಗೆ ಒಂದು, 65 ತುಂಬಿದಾಗ ಇನ್ನೊಂದು. ಗಂಡಸರಲ್ಲಿ ಎರಡಾದರೆ ಮಾತ್ರೆ ಬೇಕೆನ್ನುತ್ತಾರೆ, ಅವರಿಗೆ ಈಗಲೇ ಎರಡಿದೆ. ಅಬ್ಲೇಷನ್ ಈ ಅಂಕಗಳಲ್ಲಿ ಒಂದನ್ನೂ ಅಳಿಸುವುದಿಲ್ಲ. ಚಿಕಿತ್ಸೆಯಾದ ಮೇಲೆ ಕನಿಷ್ಠ ಎರಡು ಮೂರು ತಿಂಗಳು ಎಲ್ಲರೂ ಮಾತ್ರೆ ಮುಂದುವರಿಸಬೇಕು. ಅನಂತರವೂ ಅಂಕ ಹೆಚ್ಚಿದ್ದವರು ಮುಂದುವರಿಸಬೇಕೆಂಬುದೇ ಇಂದಿನ ಮಾರ್ಗಸೂಚಿ. ಅಬ್ಲೇಷನ್ ಆಗಿ ವರ್ಷಕ್ಕೂ ಮೇಲ್ಪಟ್ಟು ಮರುಕಳಿಸದೆ ಇದ್ದವರಲ್ಲಿ ಮಾತ್ರೆ ನಿಲ್ಲಿಸಬಹುದೇ ಎಂದು ಪರೀಕ್ಷಿಸಿದ ಕೊರಿಯಾದ ಅಧ್ಯಯನವೊಂದು 2025ರಲ್ಲಿ ಆಶಾದಾಯಕ ಫಲಿತಾಂಶ ಕೊಟ್ಟಿದೆ, ಚರ್ಚೆ ಮುಂದುವರಿದಿದೆ. ಹಾಗೆಂದು ಇವತ್ತೇ ಅದನ್ನು ನಂಬಿ ಹೆಜ್ಜೆಯಿಡುವಂತಿಲ್ಲ.

ಇದನ್ನು ಓದುತ್ತಿರುವ ಇತರರಿಗಾಗಿ ಒಂದು ಮಾತು: ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ ಲಯ ತಪ್ಪಿದವರು ನಮ್ಮಲ್ಲಿ ಇಂದಿಗೂ ಅನೇಕರಿದ್ದಾರೆ. ಅವರಿಗೆ ಮೇಲಿನ ಲೆಕ್ಕಗಳು ಅನ್ವಯಿಸುವುದಿಲ್ಲ. ರಕ್ತ ತೆಳುವಾಗಿಸುವ ಹೊಸ ಮಾತ್ರೆಗಳಿಗಿಂತ ವಾರ್ಫರಿನ್ ಜಾತಿಯ ಹಳೆಯ ಮಾತ್ರೆ, ರಕ್ತ ಎಷ್ಟು ತೆಳುವಾಗಿದೆಯೆಂದು ಅಳೆಯುವ ಐಎನ್‌ಆರ್ ಪರೀಕ್ಷೆಯೊಂದಿಗೆ, ಅವರಿಗೆ ಸುರಕ್ಷಿತ.

ಅಪಾಯದ ಬಗ್ಗೆ ನಿಮ್ಮ ಮಗ ಕೇಳಿರುವುದು ನ್ಯಾಯವಾದದ್ದು. ತೊಡೆಸಂದಿನಲ್ಲಿ ರಕ್ತ ಸೋರಿ ಬಾವು ಬರುವುದು ಹೆಚ್ಚಾಗಿ ಕಾಣುವ ತೊಂದರೆ. ನೂರರಲ್ಲಿ ಸುಮಾರು ಒಬ್ಬರಿಗೆ ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬಿಕೊಳ್ಳಬಹುದು. ಅದನ್ನು ತಕ್ಷಣ ಹೊರತೆಗೆಯಬೇಕಾಗುತ್ತದೆ, ಆದ್ದರಿಂದ ಹೃದಯದ ಶಸ್ತ್ರಚಿಕಿತ್ಸೆಯ ಸೌಲಭ್ಯವೂ ಇರುವ ಆಸ್ಪತ್ರೆಯೇ ಆಗಬೇಕು. ಚಿಕಿತ್ಸೆಯ ವೇಳೆ ಪಾರ್ಶ್ವವಾಯು ಆಗುವುದು ಇನ್ನೂ ಅಪರೂಪ.

ಎಲ್ಲಕ್ಕಿಂತ ಅಪರೂಪವಾದರೂ ನಿಮ್ಮಂತೆ ದೊಡ್ಡ ಆಸ್ಪತ್ರೆಯಿಂದ ದೂರವಿರುವವರು ತಪ್ಪದೆ ತಿಳಿದಿರಬೇಕಾದ ಅಪಾಯ ಒಂದಿದೆ. ಎಡ ಹೃತ್ಕರ್ಣದ ಬೆನ್ನಿಗೇ ಅನ್ನನಾಳ ಇದೆ. ಶಾಖದಿಂದ ಅದಕ್ಕೆ ಪೆಟ್ಟಾಗಿದ್ದರೆ, ಎಲ್ಲ ಸರಿಹೋಯಿತೆಂದು ಮನೆಗೆ ಬಂದು ಎರಡು ಮೂರು ವಾರಗಳಾದ ಮೇಲೆ, ಕೆಲವೊಮ್ಮೆ ಎರಡು ತಿಂಗಳೊಳಗೆ, ಜ್ವರ, ನುಂಗುವಾಗ ನೋವು, ಎದೆನೋವು ಅಥವಾ ಮಾತು ತೊದಲುವುದು ಕಾಣಿಸಿಕೊಳ್ಳಬಹುದು. ಹತ್ತಿರದ ದವಾಖಾನೆಯಲ್ಲಿ ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಎಂಡೋಸ್ಕೋಪಿ ಮಾಡಿಬಿಟ್ಟರೆ ಪ್ರಾಣಕ್ಕೇ ಅಪಾಯ; ಬೇಕಾದದ್ದು ಎದೆಯ ಸಿಟಿ ಸ್ಕ್ಯಾನ್. ಡಿಸ್ಚಾರ್ಜ್ ಚೀಟಿಯ ಮೇಲೆ ಇದನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿಕೊಂಡು ಬನ್ನಿ. ವಿದ್ಯುತ್ ಸ್ಪಂದನಗಳ ಹೊಸ ವಿಧಾನದಲ್ಲಿ ಅನ್ನನಾಳಕ್ಕೆ ಅಪಾಯ ಕಡಿಮೆ ಎಂಬುದು ಇದುವರೆಗಿನ ಅನುಭವ. ನಿಮ್ಮ ವೈದ್ಯರು ಯಾವ ವಿಧಾನ ಬಳಸುತ್ತಾರೆ, ವರ್ಷಕ್ಕೆ ಇಂಥ ಎಷ್ಟು ಚಿಕಿತ್ಸೆ ಮಾಡುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ನಾಳೆಯೇ ನಿರ್ಧರಿಸಬೇಕೆಂಬ ಒತ್ತಡ ಬೇಡ. ವರ್ಷಗಟ್ಟಲೆ ಬಿಟ್ಟರೆ ಕಾಯಿಲೆ ಬೇರೂರಿ ಅಬ್ಲೇಷನ್ ಫಲ ಕಡಿಮೆಯಾಗುವುದು ನಿಜ, ಆದರೆ ಕೆಲವು ತಿಂಗಳು ತಡೆದರೆ ನಷ್ಟವೇನೂ ಆಗದು. ಆ ತಿಂಗಳುಗಳನ್ನು ವ್ಯರ್ಥ ಮಾಡಬೇಡಿ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕದ ಹತ್ತನೆಯ ಒಂದು ಭಾಗ ಇಳಿಸಿ ಅದನ್ನು ಉಳಿಸಿಕೊಂಡವರು ಈ ತೊಂದರೆಯಿಲ್ಲದೆ ಇರುವ ಸಂಭವ ಉಳಿದವರಿಗಿಂತ ಆರು ಪಟ್ಟು ಹೆಚ್ಚಾಗಿತ್ತು. ನಿಮ್ಮ ಯಜಮಾನರಿಗೆ ಅದು ಸುಮಾರು ಎಂಟು ಕೆ.ಜಿ. ಅವರು ಜೋರಾಗಿ ಗೊರಕೆ ಹೊಡೆಯುತ್ತಾರೆ, ನಡುವೆ ಉಸಿರು ಕಟ್ಟಿದಂತಾಗುತ್ತದೆ ಎಂದೂ ಬರೆದಿದ್ದೀರಿ. ರಾತ್ರಿಯೇ ಲಯ ತಪ್ಪುತ್ತಿರುವುದರಿಂದ ನಿದ್ದೆಯ ಪರೀಕ್ಷೆಯನ್ನು ಅಬ್ಲೇಷನ್‌ಗೆ ಮೊದಲೇ ಮಾಡಿಸಿ. ನಿದ್ದೆಯಲ್ಲಿ ಉಸಿರು ಕಟ್ಟುವುದಕ್ಕೆ ಚಿಕಿತ್ಸೆಯಾಗದಿದ್ದರೆ ಅಬ್ಲೇಷನ್ ಆದ ಮೇಲೂ ಲಯ ತಪ್ಪುವ ಸಂಭವ ಹೆಚ್ಚು. ಮದ್ಯಪಾನವಿದ್ದರೆ ಬಿಡಿಸಿ.

ಇಷ್ಟಾದ ಮೇಲೂ ರಾತ್ರಿಯ ಸಂಕಟ ಮುಂದುವರಿದರೆ, ಥೈರಾಯ್ಡಿಗೆ ತೊಂದರೆ ಕೊಡುತ್ತಿರುವ ಅಮಿಯೊಡರೋನ್ ಮೇಲೆಯೇ ವರ್ಷಗಳನ್ನು ನೂಕುವುದಕ್ಕಿಂತ ಅಬ್ಲೇಷನ್ ಮೇಲು ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಆದರೆ ಪತ್ರದುದ್ದಕ್ಕೂ ನಿಮ್ಮ, ಮಗನ, ವೈದ್ಯರ ಮಾತಿದೆ. ಯಜಮಾನರು ಏನೆನ್ನುತ್ತಾರೆ ಎಂಬುದಿಲ್ಲ. ಆ ರಾತ್ರಿಗಳು ಅವರಿಗೆ ಎಷ್ಟು ಕಷ್ಟ ಕೊಡುತ್ತಿವೆ, ಅದಕ್ಕಾಗಿ ಎಷ್ಟು ಅಪಾಯಕ್ಕೆ ಅವರು ಸಿದ್ಧ ಎಂದು ಅವರನ್ನೇ ಕೇಳಿ. ಅಲ್ಲಿಯವರೆಗೆ ಬೆಳಿಗ್ಗೆ ಮತ್ತು ರಾತ್ರಿಯ ಎಪಿಕ್ಸಬಾನ್ ಒಂದು ಹೊತ್ತೂ ತಪ್ಪದಿರಲಿ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.