ಕಾರಿನೊಳಗೆ ನೀವೂ ಇದ್ದಿರಲ್ವಾ?

ನಮಸ್ಕಾರ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ನೀವೂ ನಿಮ್ಮ ಯಜಮಾನರೂ ಬಾಡಿಗೆ ಕಾರಿನಲ್ಲಿ ಸುತ್ತಿದ ಬಗ್ಗೆ ಕಳಿಸಿದ ಹಾಸ್ಯ ಲೇಖನ ಓದಿದೆ. ಇದ್ದ ಹಾಗೇ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ನನಗೆ ಬಹಳ ಹಿಡಿಸಿದ್ದು ಹೇಳುತ್ತೇನೆ. ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದ ಪ್ರಸಂಗ. ಆ ದೇಶಕ್ಕೆ ತಿನ್ನುವ ಪದಾರ್ಥ ಏನೇ ತಂದರೂ ಮುಂಚೆಯೇ ಹೇಳಬೇಕು, ಹೇಳದೆ ಸಿಕ್ಕಿಬಿದ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ. ನಿಮ್ಮ ಅತ್ತೆ ಕಟ್ಟಿಕೊಟ್ಟ ಚಟ್ನಿಪುಡಿ, ಹಪ್ಪಳ, ಊರಿನ ಜೇನುತುಪ್ಪ ಒಂದೊಂದಾಗಿ ಮೇಜಿನ ಮೇಲೆ ಬರುತ್ತವೆ. ಚಟ್ನಿಪುಡಿ ಪಾಸಾಗುತ್ತದೆ. ಜೇನುತುಪ್ಪ ಕಸದ ಡಬ್ಬಿ ಸೇರುತ್ತದೆ. ನಿಮ್ಮವರು ಮೆಲ್ಲಗೆ ‘ಅಮ್ಮನಿಗೆ ಹೇಳಬೇಡ’ ಅಂತಾರೆ. ಅಲ್ಲಿ ನಾನು ಜೋರಾಗಿ ನಕ್ಕೆ. ನಗಿಸಬೇಕು ಅಂತ ನೀವು ಒದ್ದಾಡಿಲ್ಲ, ನಡೆದದ್ದನ್ನು ಹೇಳಿ ಸುಮ್ಮನಾಗಿದ್ದೀರಿ.

ಆಮೇಲೆ ಆ ಹದ ತಪ್ಪುತ್ತದೆ. ಪುಟಪುಟಕ್ಕೂ ‘ನಮ್ಮ ಪತಿರಾಯರು’ ದಾರಿ ತಪ್ಪುತ್ತಾರೆ, ಇಂಡಿಕೇಟರ್ ಬದಲು ವೈಪರ್ ಹಾಕುತ್ತಾರೆ, ಗೊರಕೆ ಹೊಡೆಯುತ್ತಾರೆ. ನೀವು ಮಾತ್ರ ಪಕ್ಕದ ಸೀಟಿನಲ್ಲಿ ಎಲ್ಲ ಬಲ್ಲವರ ಹಾಗೆ ಕೂತಿರುತ್ತೀರಿ. ಪೆದ್ದ ಗಂಡ, ಜಾಣ ಹೆಂಡತಿ. ಈ ಜೋಡಿಯನ್ನು ನಮ್ಮ ಓದುಗರು ಬೇಕಾದಷ್ಟು ನೋಡಿದ್ದಾರೆ. ಅವರು ನೋಡದೇ ಇರುವುದು ನಿಮ್ಮಿಬ್ಬರನ್ನು. ಪಶ್ಚಿಮ ಕರಾವಳಿಯ ಹಾಸ್ಟ್ ಅನ್ನುವ ಊರಿನ ಹತ್ತಿರ ಮೊಬೈಲ್ ಸಿಗ್ನಲ್ ಹೋಯಿತು, ‘ಮ್ಯಾಪ್ ಡೌನ್‌ಲೋಡ್ ಆಗಿರಲಿಲ್ಲ’ ಅಂತ ಬರೆದಿದ್ದೀರಿ. ಮಾಡಿಕೊಳ್ಳಬೇಕಾಗಿದ್ದವರು ಯಾರು? ಅದಕ್ಕೆ ಹಿಂದಿನ ಪುಟದಲ್ಲೇ ಫೋನ್ ನಿಮ್ಮ ಕೈಯಲ್ಲಿದೆ. ಓದುಗರಿಗೆ ಇದು ಗೊತ್ತಾಗುತ್ತದೆ ಕಣ್ರೀ. ನಿಮ್ಮ ಪಾಲನ್ನೂ ಬರೆಯಿರಿ, ಆಗ ಅವರ ಪಾಲಿಗೂ ನಗು ಬರುತ್ತದೆ.

ಈಗ ಮುಖ್ಯ ವಿಷಯ, ಆ ಸೇತುವೆ. ಪಶ್ಚಿಮ ಕರಾವಳಿಯ 6ನೇ ನಂಬರ್ ಹೆದ್ದಾರಿಯಲ್ಲಿ ಒಂದೇ ಗಾಡಿ ಹಿಡಿಸುವ ಸೇತುವೆಗಳು ಹಲವು. ಬೋರ್ಡಿನಲ್ಲಿ ಎರಡು ಬಾಣ ಇರುತ್ತವೆ. ನಾವು ಹೋಗುವ ದಿಕ್ಕಿನದು ಚಿಕ್ಕದಾಗಿ ಕೆಂಪಗಿದ್ದರೆ ನಾವು ನಿಲ್ಲಬೇಕು, ಎದುರಿನವರು ಮೊದಲು ಬರಬೇಕು. ನೀವು ಬರೆದದ್ದು ಇಷ್ಟೇ: ‘ಬಾಣ ನೋಡದೆ ನುಗ್ಗಿದೆವು, ಎದುರಿಗೆ ಹಾಲಿನ ಟ್ಯಾಂಕರ್, ಕಾರಿನಲ್ಲಿ ಮಹಾಯುದ್ಧ, ಹಹಹ!’ ಏನಂತ ಯುದ್ಧ? ‘ಹೋಗಿ, ಹೋಗಿ’ ಅಂದವರು ಯಾರು? ಸೇತುವೆ ಮೇಲೆ ರಿವರ್ಸ್ ತೆಗೆಯುವಾಗ ನೀವು ಹಿಂದೆ ತಿರುಗಿ ನೋಡುತ್ತಿದ್ದಿರಾ, ಕಣ್ಣು ಮುಚ್ಚಿಕೊಂಡಿದ್ದಿರಾ? ಟ್ಯಾಂಕರ್ ಡ್ರೈವರ್ ಸಿಟ್ಟು ಮಾಡಿದನಾ, ಕೈ ಬೀಸಿದನಾ? ಆಮೇಲೆ ಎಷ್ಟು ದೂರ ಇಬ್ಬರೂ ಮಾತಾಡಲಿಲ್ಲ? ಮೊದಲು ಬಾಯಿ ಬಿಟ್ಟವರು ಯಾರು, ಏನಂದರು? ‘ಹಸಿವಾಗ್ತಿದೆ’ ಅಂತಲೋ, ‘ಎಲ್ಲಾದ್ರೂ ಟಾಯ್ಲೆಟ್ ಸಿಗುತ್ತಾ’ ಅಂತಲೋ ಇರಬಹುದು. ಆ ಒಂದು ಮಾತು ನನಗೆ ಬೇಕು. ಈಗಿರುವ ಒಂದು ಸಾಲಿನ ಬದಲು ಈ ಪ್ರಸಂಗಕ್ಕೆ ಒಂದು ಪೂರ್ತಿ ಪುಟ ಕೊಡಿ. ‘ಹಹಹ’ ತೆಗೆಯಿರಿ. ನಗುವ ಕೆಲಸ ಓದುಗರಿಗೆ ಬಿಡಿ.

ಮಿಲ್ಫರ್ಡ್ ಸೌಂಡ್ ಅನ್ನುವ ಕಡಲ ಕೊಲ್ಲಿಗೆ ಹೋಗುವ ದಾರಿಯ ಹೋಮರ್ ಸುರಂಗದ ಚರಿತ್ರೆಗೆ ಎರಡು ಪ್ಯಾರಾ ಕೊಟ್ಟಿದ್ದೀರಿ. 1935ರಲ್ಲಿ ಕೆಲಸ ಶುರುವಾಯಿತು, 1954ರಲ್ಲಿ ಗಾಡಿ ಓಡಾಡಿದವು, ಉದ್ದ ಸುಮಾರು 1.2 ಕಿಲೋಮೀಟರ್. ಎಲ್ಲ ಸರಿ, ಒಂದು ಸಾಲು ಸಾಕು. ಆ ಜಾಗದಲ್ಲಿ ಕೀಯಾ ಗಿಳಿಯನ್ನು ಹಿಗ್ಗಿಸಿ. ಸುರಂಗದ ಬಾಯಲ್ಲಿ ಹಸಿರು ದೀಪಕ್ಕೆ ಕಾಯುವಾಗ ಅದು ಕಾರಿನ ಮೇಲೆ ಕೂತು ಕಿಟಕಿಯ ರಬ್ಬರ್ ಕೀಳುತ್ತದೆ. ಕಾರು ಬಾಡಿಗೆಯದು. ನಿಮ್ಮವರು ಒಳಗಿಂದ ಗಾಜು ತಟ್ಟುತ್ತಾರೆ, ನೀವು ವಿಡಿಯೊ ಮಾಡುತ್ತೀರಿ. ಡಿಪಾಸಿಟ್ ಹೋಗುತ್ತೆ ಅನ್ನೋ ಭಯ ಒಬ್ಬರಿಗೆ, ಇಂಥ ವಿಡಿಯೊ ಮತ್ತೆ ಸಿಗಲ್ಲ ಅನ್ನೋ ಆಸೆ ಇನ್ನೊಬ್ಬರಿಗೆ. ಇಬ್ಬರೂ ಸರಿ. ಇಂಥ ಕಡೆ ಹಾಸ್ಯ ತಾನಾಗಿ ಹುಟ್ಟುತ್ತದೆ.

ಮಿಲ್ಫರ್ಡ್ ಸೌಂಡಿನ ಮಳೆ ನೋಡಿ ನಿಮ್ಮವರು ‘ನಮ್ಮ ಆಗುಂಬೆ ಮುಂದೆ ಇದೇನು’ ಅಂದದ್ದು ಇರಲಿ. ತೀರ್ಥಹಳ್ಳಿಯವರ ಬಾಯಲ್ಲಿ ಅದು ಸುಮ್ನೆ ಜಂಬ ಅಲ್ಲ. ಎರಡೂ ಕಡೆ ವರ್ಷಕ್ಕೆ 6,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅಷ್ಟು ಹೇಳಿದವರು ದೋಣಿ ಹತ್ತುವ ಮೊದಲು ರೇನ್‌ಕೋಟ್ ಕೊಂಡರಾ ಇಲ್ಲವಾ? ಬರೆದೇ ಇಲ್ಲ.

ಕೊನೆಯಲ್ಲಿ ಅವರ ರಸ್ತೆ, ನಮ್ಮ ರಸ್ತೆ ಅಂತ ಹೋಲಿಸಿದ ಭಾಗ ಪೂರ್ತಿ ತೆಗೆಯಿರಿ. ಅದು ಬೇರೆ ಲೇಖನ.

ತಿದ್ದಿದ ಮೇಲೆ ಒಮ್ಮೆ ನಿಮ್ಮ ಯಜಮಾನರಿಗೆ ಓದಿ ಹೇಳಿ. ಅವರ ಬಗ್ಗೆ ಇಷ್ಟು ಬರೆದ ಮೇಲೆ ಅವರ ಒಪ್ಪಿಗೆ ಬೇಕೇ ಬೇಕು. ‘ಹೀಗಲ್ಲ ಆಗಿದ್ದು’ ಅಂತ ಅವರು ತಕರಾರು ತೆಗೆದರೆ ಅದನ್ನೂ ಲೇಖನಕ್ಕೆ ಸೇರಿಸಿ. 1,200 ಪದದೊಳಗಿರಲಿ. ನೇರವಾಗಿ ನನಗೇ ಕಳಿಸಿ, ಬಂದ ಕೂಡಲೇ ಓದುತ್ತೇನೆ.