ಅವರನ್ನು ‘ಸರ್’ ಎಂದದ್ದು ನಮ್ಮ ತಪ್ಪು

(ಚಿತ್ರದುರ್ಗದ ನಿವೃತ್ತ ಅಧ್ಯಾಪಕಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಇಂಗ್ಲೆಂಡಿನ ನಾಟಕಕಾರ, ಲೇಖಕ ಅಲನ್ ಬೆನೆಟ್ ಅವರ ದಿನಚರಿಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನದ ಮೇಲೆ ಅವರಿಗೆ ಎರಡು ಆಕ್ಷೇಪಗಳಿವೆ: ಶೀರ್ಷಿಕೆಯಲ್ಲಿ ಬೆನೆಟ್ ಅವರನ್ನು ‘ಸರ್’ ಎಂದು ಕರೆದದ್ದು, ಮತ್ತು ಓದುಗರಿಗೆ ಅವರ ಮೇಲಿರುವ ಅಕ್ಕರೆಯನ್ನು ಬರಿಯ ‘ಧ್ವನಿಯ ಮೋಹ’ ಎಂದು ತಳ್ಳಿಹಾಕಿದ್ದು. ಬೆನೆಟ್ ತಾವೇ ರೇಡಿಯೊಗೆ ಓದಿದ ದಿನಚರಿಗಳ ಧ್ವನಿಮುದ್ರಿಕೆಗಳನ್ನು ಲೀಡ್ಸ್‌ನಲ್ಲಿರುವ ಮಗಳು ಕಳಿಸಿಕೊಟ್ಟಿದ್ದು, ಈ ಅಧ್ಯಾಪಕಿ ಅವನ್ನು ಎರಡು ವರ್ಷಗಳಿಂದ ರಾತ್ರಿ ಹೊತ್ತು ಕೇಳುತ್ತಿದ್ದಾರೆ. ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಕೇಳಿದಾಗ ಎಷ್ಟೋ ದಿನಗಳೇ ಬಿಟ್ಟುಹೋಗಿರುವುದು ಗಮನಕ್ಕೆ ಬಂದಿದೆ. ಇದು ಕೇಳುಗರಿಗೆ ಮಾಡಿದ ಮೋಸವಲ್ಲವೇ ಎಂದು ಕೇಳಿದ್ದಾರೆ. ಕನ್ನಡ ಲೇಖಕರ ದಿನಚರಿಗಳನ್ನೂ ಹೀಗೆ ಓದಿಸಿ ಕೇಳಿಸುವ ಕೆಲಸವನ್ನು ಪತ್ರಿಕೆ ಕೈಗೆತ್ತಿಕೊಳ್ಳಬೇಕು ಎಂಬುದು ಅವರ ಕೊನೆಯ ಒತ್ತಾಯ.)

ಮಾನ್ಯರೆ,

ಮೊದಲು ತಪ್ಪೊಪ್ಪಿಗೆ. ಲೇಖನ ಬರೆದವರ ಹಸ್ತಪ್ರತಿಯಲ್ಲಿ ‘ಸರ್’ ಎಂಬ ಮಾತು ಇರಲಿಲ್ಲ; ಶೀರ್ಷಿಕೆ ಕೊಟ್ಟವನು ನಾನು. ಅಷ್ಟು ಹೆಸರು ಮಾಡಿದ, ಅಷ್ಟು ವಯಸ್ಸಾದ ಇಂಗ್ಲಿಷ್ ಲೇಖಕರಿಗೆ ಆ ಪದವಿ ಬಂದೇ ಇರುತ್ತದೆ ಎಂದು ಊಹಿಸಿ, ಪರಿಶೀಲಿಸದೆ ಸೇರಿಸಿದೆ. ದಾವಣಗೆರೆಯಲ್ಲಿ ಬಸ್ಸಿನ ಕಂಡಕ್ಟರಿನಿಂದ ಹಿಡಿದು ಬ್ಯಾಂಕಿನ ಗುಮಾಸ್ತರವರೆಗೆ ಎಲ್ಲರನ್ನೂ ನಾವು ‘ಸರ್’ ಎನ್ನುತ್ತೇವೆ ಎಂಬ ಸಮಜಾಯಿಷಿ ಇಲ್ಲಿ ನಡೆಯುವುದಿಲ್ಲ. ಏಕೆಂದರೆ ಇದು ಯಾರ ಹೆಸರಿನ ಹಿಂದೆ ಸೇರಿದರೂ ಸಣ್ಣ ತಪ್ಪೆನಿಸಬಹುದಾಗಿತ್ತು, ಬೆನೆಟ್ ಅವರ ಹೆಸರಿನ ಹಿಂದೆ ಮಾತ್ರ ದೊಡ್ಡದು. ಅವರು 1988ರಲ್ಲಿ ಬ್ರಿಟನ್ನಿನ ಸಿಬಿಇ ಎಂಬ ಗೌರವವನ್ನು ಬೇಡವೆಂದರು, 1996ರಲ್ಲಿ, ಹೆಸರಿಗೆ ‘ಸರ್’ ಸೇರಿಸುವ ನೈಟ್ ಪದವಿಯನ್ನು ಬೇಡವೆಂದರು. ತಾವೇ ಓದಿದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ 1998ರಲ್ಲಿ ಗೌರವ ಡಾಕ್ಟರೇಟ್ ಕೊಡಲು ಬಂದಾಗ, ಪತ್ರಿಕೋದ್ಯಮಿ ರೂಪರ್ಟ್ ಮರ್ಡೋಕ್ ಹೆಸರಿನ ಪೀಠಕ್ಕೆ ಆ ವಿಶ್ವವಿದ್ಯಾಲಯ ಹಣ ಪಡೆದುದನ್ನು ಪ್ರತಿಭಟಿಸಿ ಅದನ್ನೂ ತಿರಸ್ಕರಿಸಿದರು. ಹತ್ತು ವರ್ಷಗಳ ತರುವಾಯ, 2008ರಲ್ಲಿ, ಅದೇ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯಕ್ಕೆ ತಮ್ಮ ಸಾಹಿತ್ಯ ಸಂಗ್ರಹವನ್ನು ಒಂದು ಕಾಸೂ ಪಡೆಯದೆ ಕೊಟ್ಟರು. ಮಾಂಸದಂಗಡಿಯಲ್ಲಿ ದುಡಿಯುತ್ತಿದ್ದವರ ಮಗನಾದ ತಾನು ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಸರ್ಕಾರದ ಖರ್ಚಿನಲ್ಲಿ ಓದಿದವನು, ಆ ಋಣ ತೀರಿಸಬೇಕು ಎಂಬುದು ಅವರು ಕೊಟ್ಟ ಕಾರಣ. ಗೌರವವನ್ನು ಹಿಂದಿರುಗಿಸಿ ಋಣವನ್ನು ಮಾತ್ರ ಇಟ್ಟುಕೊಂಡ ಮನುಷ್ಯನಿಗೆ ನಾನು ದಾವಣಗೆರೆಯಲ್ಲಿ ಕುಳಿತು ನೈಟ್ ಪದವಿ ದಯಪಾಲಿಸಿದೆ. ತಿದ್ದುಪಡಿಯನ್ನು ಈ ಸಂಚಿಕೆಯ ಮೂರನೆಯ ಪುಟದಲ್ಲಿ, ಕಣ್ಣಿಗೆ ಬೀಳುವ ಅಕ್ಷರಗಳಲ್ಲಿ ಹಾಕಿದ್ದೇವೆ.

ಇನ್ನು ‘ಧ್ವನಿಯ ಮೋಹ’ದ ಮಾತು. ಲೇಖನವನ್ನು ನಾನು ಪೂರ್ತಿ ಸಮರ್ಥಿಸುವುದಿಲ್ಲ, ಪೂರ್ತಿ ಕೈಬಿಡುವುದೂ ಇಲ್ಲ. ನಿಮ್ಮ ಪತ್ರದಲ್ಲೇ ಒಂದು ವಾಕ್ಯವಿದೆ: ‘ದೀಪ ಆರಿಸಿದ ಮೇಲೆ ಸೋದರಮಾವನೊಬ್ಬ ಮಂಚದ ಪಕ್ಕ ಕುಳಿತು ಊರಿನ ಸುದ್ದಿ ಹೇಳಿದ ಹಾಗಿರುತ್ತದೆ.’ ಈ ವಾಕ್ಯವನ್ನು ಓದಿದಾಗ ಲೇಖನ ಬರೆದವರ ವಾದಕ್ಕೆ ನೀವೇ ಸಾಕ್ಷಿ ಒದಗಿಸಿದಿರಿ ಎಂದು ನನಗೆ ಅನ್ನಿಸಿತು. ಆ ಸೋದರಮಾವನ ಧ್ವನಿ ಎಲ್ಲಿಂದ ಬಂತು ಎಂಬುದನ್ನು ನೆನೆಯಬೇಕು. ‘ವಿನ್ನಿ ದ ಪೂ’ ಎಂಬ ಕರಡಿಮರಿಯ ಮಕ್ಕಳ ಕಥೆಗಳನ್ನು ಬಿಬಿಸಿಗೆ ಓದಿದವರು ಬೆನೆಟ್ ಅವರೇ. ಆ ಕಥೆಗಳನ್ನು ಕೇಳುತ್ತ ಬೆಳೆದ ಮಕ್ಕಳಿಗೆ, ಅವರ ದಿನಚರಿ ಕೈಗೆ ಬರುವ ಮೊದಲೇ, ಅವರ ದನಿಯೆಂದರೆ ಕಂಬಳಿ ಹೊದ್ದ ರಾತ್ರಿ. ಉತ್ತರ ಇಂಗ್ಲೆಂಡಿನ ಆ ಮೆತ್ತನೆಯ, ತುಸು ನಿಧಾನವಾದ, ಯಾವುದಕ್ಕೂ ಅವಸರಪಡದ ಉಚ್ಚಾರಣೆಯಲ್ಲಿ ಏನನ್ನು ಹೇಳಿದರೂ ಹಿತವಾಗಿಯೇ ಕೇಳಿಸುತ್ತದೆ. ಅಪಾಯವಿರುವುದು ಅಲ್ಲಿಯೇ. ಹಾಳೆಯ ಮೇಲೆ ಕುಟುಕುವ ಮಾತು ಕಿವಿಯಲ್ಲಿ ಜೋಗುಳವಾಗಿಬಿಡಬಹುದು, ಮತ್ತು ನಾವು ಪ್ರೀತಿಸುತ್ತಿರುವುದು ಜೋಗುಳವನ್ನೋ ಬರಹಗಾರನನ್ನೋ ಎಂಬುದು ನಮಗೇ ತಿಳಿಯದೆ ಹೋಗಬಹುದು.

ಆದರೆ ನಿಮ್ಮ ಪತ್ರದ ಮೂರನೆಯ ಪುಟ ಬೇರೆ ಮಾತನ್ನು ಹೇಳುತ್ತದೆ, ಮತ್ತು ಲೇಖನ ಎಡವಿದ್ದು ಎಲ್ಲಿ ಎಂದು ನನಗೆ ಹೊಳೆದದ್ದು ಅದನ್ನು ಓದಿದ ಮೇಲೆ. ಮರೆವು ಆವರಿಸಿದ ಅವರ ತಾಯಿಯ ಪ್ರಸಂಗ ಬಂದಾಗ ನೀವು ಎದ್ದು ಕುಳಿತಿರಿ, ಅಂದು ಮುಂದೆ ಕೇಳಲಾಗಲಿಲ್ಲ, ನಿಮ್ಮ ತಾಯಿಯವರ ಕೊನೆಯ ಮೂರು ವರ್ಷಗಳು ಕಣ್ಣ ಮುಂದೆ ಬಂದವು ಎಂದು ಬರೆದಿದ್ದೀರಿ. ಜೋಗುಳ ಯಾರನ್ನೂ ಎಬ್ಬಿಸಿ ಕೂರಿಸುವುದಿಲ್ಲ.

ಬೆನೆಟ್ ಅವರ ಮನೆಯ ಕಥೆಯಲ್ಲಿ ನನಗೆ ಎಂದಿಗೂ ಮರೆಯಲಾಗದ ಸಂಗತಿಯೊಂದಿದೆ. ತಾಯಿಗೆ ಮನಸ್ಸಿನ ಕಾಯಿಲೆ ಬಂದು ಆಸ್ಪತ್ರೆಗೆ ಸೇರಿಸುವಾಗ, ಮನೆತನದಲ್ಲಿ ಹಿಂದೆ ಯಾರಿಗಾದರೂ ಇಂಥ ಕಾಯಿಲೆ ಇತ್ತೇ ಎಂದು ಅಲ್ಲಿಯವರು ವಿಚಾರಿಸುತ್ತಾರೆ. ಇಲ್ಲ ಎನ್ನಲು ಮಗ ಸಿದ್ಧನಿದ್ದಾನೆ. ತಂದೆಯ ಉತ್ತರ ಬೇರೆ. ಎದೆನೋವಿನಿಂದ ತೀರಿಕೊಂಡರು ಎಂದು ಮಕ್ಕಳೆಲ್ಲ ನಂಬಿದ್ದ ತಾತ, ತಾಯಿಯ ತಂದೆ, ವಾಸ್ತವವಾಗಿ ನೀರಿಗೆ ಬಿದ್ದು ಪ್ರಾಣ ಕಳೆದುಕೊಂಡವರು. ಗಂಡ ಹೆಂಡತಿ ಅದನ್ನು ದಶಕಗಳ ಕಾಲ ಮಕ್ಕಳಿಗೆ ತಿಳಿಯದಂತೆ ಕಾಪಾಡಿಕೊಂಡು ಬಂದಿದ್ದರು. ನಮ್ಮ ಪತ್ರಿಕೆಗಳಲ್ಲಿ ‘ಹೊಟ್ಟೆನೋವು ತಾಳಲಾರದೆ’ ಎಂಬ ಎರಡು ಪದಗಳನ್ನು ಓದಿ ಓದಿ ರೂಢಿಯಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಿಲ್ಲಾ ಪುಟದ ಮೂಲೆಯ ಆ ಎರಡು ಪದಗಳ ಹಿಂದೆ ಎಷ್ಟು ಮನೆಗಳ ಬಾಗಿಲು ಮುಚ್ಚಿಕೊಂಡಿದೆ ಎಂಬುದು, ವರದಿಗಾರನಾಗಿ ಹತ್ತು ವರ್ಷ ಆ ಪದಗಳನ್ನೇ ಬರೆದ ನನಗೆ, ಬೇರೆಯವರಿಗಿಂತ ತುಸು ಹೆಚ್ಚಾಗಿಯೇ ಗೊತ್ತು. ಬೆನೆಟ್ ಅವರ ಊರಾದ ಲೀಡ್ಸ್‌ನ ಒಂದು ಸಾಧಾರಣ ಮನೆಯೂ ಚಳ್ಳಕೆರೆಯ ಒಂದು ಸಾಧಾರಣ ಮನೆಯೂ ಮಾನಕ್ಕಂಜಿ ಒಂದೇ ಬಗೆಯ ಸುಳ್ಳನ್ನು ಹೇಳುತ್ತವೆ. ಆ ಸುಳ್ಳನ್ನು ದನಿ ಏರಿಸದೆ, ತಂದೆತಾಯಿಯರ ಮೇಲೆ ದೂರು ಹೊರಿಸದೆ, ಅವರ ಅಂಜಿಕೆಯನ್ನೂ ಗೌರವಿಸುತ್ತಲೇ ಬಿಚ್ಚಿ ತೋರಿಸಿದವರು ಬೆನೆಟ್.

ಅದನ್ನು ಬರೆದ ಸಂದರ್ಭವೂ ಗಮನಾರ್ಹ. 1997ರಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಬದುಕಿ ಉಳಿಯುವುದು ಅನುಮಾನವೆಂದು, ಈ ಬರಹ ತಾನು ಸತ್ತ ಮೇಲೆ ಹೊರಬರಲಿ ಎಂಬ ಎಣಿಕೆಯಲ್ಲಿ ಅವರು ಮನೆಯ ಕಥೆಯನ್ನು ಬರೆಯತೊಡಗಿದರು. ಬದುಕಿ ಉಳಿದರು, 2005ರಲ್ಲಿ ಅದು ದಿನಚರಿಗಳೊಡನೆ ಒಂದೇ ಸಂಪುಟದಲ್ಲಿ ಪ್ರಕಟವಾಯಿತು. ನೀವು ಪಕ್ಕದಲ್ಲಿಟ್ಟುಕೊಂಡಿರುವುದು ಆ ದಪ್ಪ ಪುಸ್ತಕವೇ ಇರಬೇಕೆಂದು ನನ್ನ ಊಹೆ. ಸತ್ತ ಮೇಲೆ ಓದಲಿ ಎಂದು ಬರೆದದ್ದನ್ನು ಬದುಕಿದ್ದವನೇ ಪ್ರಕಟಿಸುವುದಕ್ಕೆ ಬೇಕಾದ ಧೈರ್ಯ ಸೋದರಮಾವಂದಿರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ವ್ಯಾನಿನ ಮುದುಕಿಯ ಪ್ರಸಂಗವನ್ನು ನೀವು ‘ಕರುಣೆಯ ಕಥೆ’ ಎಂದಿದ್ದೀರಿ. ಇಲ್ಲಿ ಮಾತ್ರ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಲಂಡನ್ನಿನ ಕ್ಯಾಮ್ಡನ್ ಟೌನಿನಲ್ಲಿ ಅವರ ಮನೆಯ ಮುಂದಿನ ಜಾಗಕ್ಕೆ 1974ರಲ್ಲಿ ತನ್ನ ಮುರುಕು ವ್ಯಾನನ್ನು ತಂದು ನಿಲ್ಲಿಸಿದ ಮಿಸ್ ಶೆಫರ್ಡ್, 1989ರಲ್ಲಿ ಅದರೊಳಗೇ ಸಾಯುವವರೆಗೆ ಹದಿನೈದು ವರ್ಷ ಅಲ್ಲಿಯೇ ಇದ್ದಳು. ಒಂದು ಕಾಲಕ್ಕೆ ಆಕೆ ಕ್ರೈಸ್ತ ಸನ್ಯಾಸಿನಿಯಾಗಿದ್ದಳು, ಒಳ್ಳೆಯ ಪಿಯಾನೋ ವಾದಕಿಯಾಗಿದ್ದಳು ಎಂಬ ವಿವರಗಳು ಸ್ಪಷ್ಟವಾಗಿ ತಿಳಿದದ್ದು ಆಕೆ ಸತ್ತ ಮೇಲೆ, ಆಕೆಯ ಸಹೋದರನಿಂದ. ಇದನ್ನು ಬೇರೆ ಯಾರಾದರೂ ಬರೆದಿದ್ದರೆ ತಮ್ಮ ಔದಾರ್ಯಕ್ಕೆ ತಾವೇ ಹಾರ ಹಾಕಿಕೊಳ್ಳುತ್ತಿದ್ದರು. ಬೆನೆಟ್ ಆ ಹಾರವನ್ನು ಮೊದಲ ಹೆಜ್ಜೆಯಲ್ಲೇ ಕಿತ್ತುಹಾಕುತ್ತಾರೆ. ಬೀದಿಯಲ್ಲಿ ಆಕೆಗಾಗುತ್ತಿದ್ದ ಕಿರುಕುಳವನ್ನು ಕಿಟಕಿಯಿಂದ ದಿನವೂ ನೋಡುತ್ತ ಕೂತರೆ ಕೆಲಸ ಸಾಗುತ್ತಿರಲಿಲ್ಲ, ತನಗೆ ಬೇಕಿದ್ದುದು ನೆಮ್ಮದಿ, ಒಳ್ಳೆಯತನಕ್ಕಿಂತ ಅಳುಕು ಇದರಲ್ಲಿ ಹೆಚ್ಚಿತ್ತು ಎಂಬರ್ಥದಲ್ಲಿ ಅವರು ಬರೆದುಕೊಂಡಿದ್ದಾರೆ. ಆ ವ್ಯಾನಿನ ದುರ್ವಾಸನೆಯನ್ನೂ ಆಕೆಯ ದರ್ಪವನ್ನೂ ಕೃತಜ್ಞತೆಯ ಲೇಶವೂ ಇಲ್ಲದ ಆಕೆಯ ಸ್ವಭಾವವನ್ನೂ ಮುಚ್ಚಿಡುವುದಿಲ್ಲ. ತನ್ನ ಕರುಣೆಯನ್ನೇ ಹೀಗೆ ಅನುಮಾನಿಸುವ ದಿನಚರಿ ಅಪರೂಪ, ಮತ್ತು ಆ ಅನುಮಾನ ಧ್ವನಿಮುದ್ರಿಕೆಯಲ್ಲಿ ಹಾಸ್ಯವಾಗಿ ತೇಲಿಹೋಗುತ್ತದೆ ಎಂಬ ಲೇಖನ ಬರೆದವರ ಮಾತು ನನ್ನ ದೃಷ್ಟಿಯಲ್ಲಿ ಸರಿ. ಆ ಭಾಗವನ್ನು ಒಮ್ಮೆ ಧ್ವನಿಯಿಲ್ಲದೆ, ಹಗಲು ಹೊತ್ತು, ಪುಸ್ತಕದಲ್ಲಿ ಓದಿ ನೋಡಬೇಕೆಂದು ವಿನಂತಿ.

ಬಿಟ್ಟುಹೋದ ದಿನಗಳ ವಿಚಾರಕ್ಕೆ ಬರುತ್ತೇನೆ. ಇದರಲ್ಲಿ ಮೋಸವೇನೂ ಇಲ್ಲ. ಲಂಡನ್ ರಿವ್ಯೂ ಆಫ್ ಬುಕ್ಸ್ ಪತ್ರಿಕೆಯಲ್ಲಿ ದಶಕಗಳ ಕಾಲ, ಹಿಂದಿನ ವರ್ಷದ ದಿನಚರಿಯಿಂದ ಆಯ್ದ ಭಾಗಗಳನ್ನು ಅವರು ಹೊಸ ವರ್ಷದ ಆರಂಭಕ್ಕೆ ಪ್ರಕಟಿಸುತ್ತ ಬಂದರು. ಅದು ಮೊದಲ ಜರಡಿ. ಪುಸ್ತಕವಾಗುವಾಗ ಎರಡನೆಯ ಜರಡಿ, ರೇಡಿಯೊದ ನಿಮಿಷಗಳ ಲೆಕ್ಕಕ್ಕೆ ಹೊಂದಿಸುವಾಗ ಮೂರನೆಯದು. ಸಂಪಾದಕನಾದ ನಾನು ಜರಡಿಯನ್ನು ಬೈಯುವಂತಿಲ್ಲ, ಅದೇ ನನ್ನ ಅನ್ನ. ಆದರೆ ನೀವು ಕೇಳಿದ ಪ್ರಶ್ನೆಯಿಂದಾಗಿ ನನಗೆ ಹೊಳೆದದ್ದೊಂದಿದೆ: ನಾವು ‘ದಿನಚರಿ’ ಎಂದು ಕರೆಯುತ್ತಿರುವುದು ಬಚ್ಚಿಟ್ಟ ನೋಟ್‌ಬುಕ್ ಅಲ್ಲ, ಪ್ರಕಟಣೆಯನ್ನು ಬಲ್ಲವರು ಹೆಕ್ಕಿ ಕೊಟ್ಟ ಬರಹ. ನಾಟಕಕಾರರಿಗೆ ಇದು ಸಹಜ. ಅವರು ಬರೆದು 1988ರಲ್ಲಿ ಬಿಬಿಸಿ ಟೆಲಿವಿಷನ್ನಿನಲ್ಲಿ ಪ್ರಸಾರವಾದ ಏಕವ್ಯಕ್ತಿ ಸ್ವಗತಗಳಲ್ಲಿ, ಮಾತಾಡುತ್ತಿರುವವರಿಗೇ ಗೊತ್ತಿಲ್ಲದ ಸತ್ಯ ಕೇಳುತ್ತಿರುವವರಿಗೆ ಗೊತ್ತಾಗಿಬಿಡುತ್ತದೆ. (ಅವುಗಳಲ್ಲಿ ಒಂದರ ನಾಯಕಿಗೆ ಸಿಕ್ಕಸಿಕ್ಕವರಿಗೆಲ್ಲ ದೂರಿನ ಪತ್ರ ಬರೆಯುವ ಚಟ. ನಿಮ್ಮನ್ನು ಆಕೆಗೆ ಹೋಲಿಸುತ್ತಿಲ್ಲ ಎಂಬುದನ್ನು ಈಗಲೇ ಸ್ಪಷ್ಟಪಡಿಸುತ್ತೇನೆ.) ದಿನಚರಿಯಲ್ಲಿ ಅವರು ತಮ್ಮನ್ನೂ ಅಂಥದೇ ಒಂದು ಪಾತ್ರವಾಗಿ ನಿಲ್ಲಿಸಿ ನೋಡುತ್ತಾರೆ.

ಧ್ವನಿಯ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಲೇಖಕರಿಗೂ ನಿಮಗೂ ಅನ್ಯಾಯವಾದೀತು. ಓದು ಅವರನ್ನು ಲೀಡ್ಸ್‌ನಿಂದ ಆಕ್ಸ್‌ಫರ್ಡಿಗೆ ಒಯ್ದಿತು; ಮನೆಯ ಮಾತು ಒಂದು, ಓದಿದವರ ಮಾತು ಇನ್ನೊಂದು ಎಂಬ ಇಬ್ಬಗೆ ಅವರ ಬರಹದ ಉದ್ದಕ್ಕೂ ಇದೆ. ಈ ಇಬ್ಬಗೆ ನಮಗೂ ಹೊಸದಲ್ಲ. ನಾನೀಗ ಬರೆಯುತ್ತಿರುವ ಕನ್ನಡವನ್ನು ನಮ್ಮ ಮನೆಯ ಅಡುಗೆಕೋಣೆಯಲ್ಲಿ ಆಡಿದರೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ. ನೀವೂ ಅಷ್ಟೆ, ತರಗತಿಯಲ್ಲಿ ಆಡಿದ್ದು ಒಂದು ಕನ್ನಡ, ತರಕಾರಿ ಕೊಳ್ಳುವಾಗಿನದು ಇನ್ನೊಂದು. ಆ ಧ್ವನಿಮುದ್ರಿಕೆಗಳಲ್ಲಿ ಸುಶಿಕ್ಷಿತ ವಾಕ್ಯವೊಂದು ಊರಿನ ಉಚ್ಚಾರಣೆಯಲ್ಲಿ ಹೊರಡುತ್ತದೆ, ಎರಡೂ ಕನ್ನಡಗಳನ್ನು ಒಬ್ಬರೇ ಒಂದೇ ಉಸಿರಿನಲ್ಲಿ ಆಡಿದ ಹಾಗೆ. ಚಿತ್ರದುರ್ಗದ ಹೆಣ್ಣುಮಗಳಿಗೆ ಇಂಗ್ಲೆಂಡಿನ ಲೇಖಕನನ್ನು ‘ನಮ್ಮವರು’ ಎನ್ನುವ ಹಕ್ಕಿದೆಯೇ ಎಂದು ನೀವು ಸಂಕೋಚದಿಂದ ಕೇಳಿದ್ದೀರಿ. ಆ ಹಕ್ಕು ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಇದು ಬರಿಯ ಮೋಹವೆಂದು ಹೇಳಲು ಈಗ ನನಗೆ ಬಾಯಿ ಬರುತ್ತಿಲ್ಲ.

ಹಾಗೆಂದು ಧ್ವನಿಯಿಲ್ಲದೆ ಅಕ್ಕರೆ ಹುಟ್ಟುವುದಿಲ್ಲ ಎಂದೂ ಅಲ್ಲ. ನಿಮ್ಮ ಊರಿಗೇ ಬರೋಣ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಹೊರಬಂದದ್ದು 1982ರಲ್ಲಿ. ಅವರು 1984ರಲ್ಲಿ ತೀರಿಕೊಂಡರು, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಇಂದು ಆ ಕೋಟೆ ಹತ್ತುವವರಲ್ಲಿ ಎಷ್ಟು ಮಂದಿ ಅವರ ದನಿಯನ್ನು ಕೇಳಿದ್ದಾರು? ಆದರೂ ಮದಕರಿ ನಾಯಕನ ಕೊನೆಯ ದಿನಗಳನ್ನು ಹೇಳುವಾಗ ಇತಿಹಾಸ ಎಲ್ಲಿ ಮುಗಿಯಿತು, ಕಾದಂಬರಿ ಎಲ್ಲಿ ಶುರುವಾಯಿತು ಎಂಬುದು ಹೇಳುವವರಿಗೂ ಕೇಳುವವರಿಗೂ ತಿಳಿಯದಷ್ಟು ಆ ಬರಹ ಕಲ್ಲಿಗೆ ಅಂಟಿಕೊಂಡಿದೆ. ನಮ್ಮಲ್ಲಿ ಗಮಕಿಗಳ ಕೊರಳಿನಲ್ಲಿ ಕುಮಾರವ್ಯಾಸನನ್ನು ಕೇಳಿ ಕಣ್ಣೀರು ಹಾಕಿದವರಿಗೆ ಕವಿಯ ಸ್ವಂತ ದನಿ ಹೇಗಿತ್ತೆಂಬ ಪ್ರಶ್ನೆಯೇ ಏಳಲಿಲ್ಲ.

ಕನ್ನಡ ಲೇಖಕರ ದಿನಚರಿಗಳನ್ನು ಓದಿಸುವ ನಿಮ್ಮ ಸಲಹೆಗೆ ನಾನು ತಕ್ಷಣ ಒಪ್ಪಲಾರೆ, ಕಾರಣ ಹಣದ್ದು ಮಾತ್ರವಲ್ಲ. ಬೆನೆಟ್ ತಾವೇ ಬದುಕಿದ್ದು ತಾವೇ ಹೆಕ್ಕಿ ತಾವೇ ಓದಿದರು. ತೀರಿಕೊಂಡವರ ದಿನಚರಿ ಮನೆಯವರ ಸ್ವತ್ತು. ಅದರಲ್ಲಿ ನೆರೆಯವರಿದ್ದಾರೆ, ಸಹೋದ್ಯೋಗಿಗಳಿದ್ದಾರೆ, ಸೊಸೆಯರಿದ್ದಾರೆ. ಅವರೆಲ್ಲರ ಪರವಾಗಿ ಜರಡಿ ಹಿಡಿಯುವ ಅಧಿಕಾರ ನನಗಿಲ್ಲ. ಕುವೆಂಪು ಅವರು ‘ನೆನಪಿನ ದೋಣಿಯಲ್ಲಿ’ ಬರೆಯುವಾಗ ತಮ್ಮ ಹಳೆಯ ದಿನಚರಿಗಳನ್ನು ತಾವೇ ತೆರೆದು, ಅಲ್ಲಲ್ಲಿ ಅವುಗಳನ್ನೇ ಉದ್ಧರಿಸಿ, ತಮ್ಮ ಎಳೆಯ ದಿನಗಳನ್ನು ಮುದಿಗಣ್ಣಿನಿಂದ ನೋಡಿದರು. ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅವರು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರು ನಿಮ್ಮ ಜಿಲ್ಲೆಯ ತಳುಕಿನವರು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಸತ್ತವರ ನೋಟ್‌ಬುಕ್ಕಿಗೆ ಕೈ ಹಾಕುವ ಬದಲು, ಇಂದು ನಮ್ಮ ನಡುವೆ ಬರೆಯುತ್ತಿರುವ ಹಿರಿಯರು ತಮ್ಮ ದಿನಚರಿಯ ಐದು ಪುಟಗಳನ್ನು ತಾವೇ ಆಯ್ದು, ತಮ್ಮ ಊರಿನ ಉಚ್ಚಾರಣೆಯಲ್ಲೇ ಓದಿ ಕೊಡುವುದಾದರೆ, ಅದನ್ನು ಧ್ವನಿಮುದ್ರಿಸಿಕೊಳ್ಳುವ ಏರ್ಪಾಡನ್ನು ನಮ್ಮ ಕಚೇರಿ ಮಾಡಬಲ್ಲದು. ಇಬ್ಬರಿಗೆ ಈ ವಾರ ಪತ್ರ ಬರೆದಿದ್ದೇನೆ. ಒಬ್ಬರು ‘ನಾನು ದಿನಚರಿಯಲ್ಲಿ ಹಾಲಿನ ಲೆಕ್ಕ ಮಾತ್ರ ಬರೆಯುವುದು’ ಎಂದು ಉತ್ತರಿಸಿದ್ದಾರೆ. ಹಾಲಿನ ಲೆಕ್ಕವನ್ನೇ ಓದಿ ಎಂದು ಮರಳಿ ಬರೆಯುವವನಿದ್ದೇನೆ.

ಕೊನೆಯದಾಗಿ ಒಂದು ಕೋರಿಕೆ. ಬಿಟ್ಟುಹೋದ ದಿನಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಟ್ಟಿದ್ದೇನೆ ಎಂದು ಬರೆದಿದ್ದೀರಿ. ಚಿತ್ರದುರ್ಗದಿಂದ ನಮ್ಮಲ್ಲಿಗೆ ಸುಮಾರು ಅರವತ್ತು ಕಿಲೋಮೀಟರ್. ಮುಂದೆ ಎಂದಾದರೂ ದಾವಣಗೆರೆ ಕಡೆ ಬರುವುದಿದ್ದರೆ ಆ ಪುಸ್ತಕವನ್ನು ಜೊತೆಗೆ ತನ್ನಿ. ಲೇಖನ ಬರೆದವರನ್ನೂ ಕರೆಸುತ್ತೇನೆ. ಯಾವ ಯಾವ ದಿನಗಳನ್ನು ರೇಡಿಯೊ ಕೈಬಿಟ್ಟಿದೆ ಎಂಬುದನ್ನು ಮೂವರೂ ಕೂತು ನೋಡೋಣ.

ತಮ್ಮ ವಿಶ್ವಾಸಿ,
ಸಂಪಾದಕ